ಕರೆಂಟ್ ಹೋದಾಗ ತೋಟದ ಪೈಪು ಧಡ್ ಅಂತದೆ, ಕೈಗಾದಲ್ಲಿ ಏನಾಗ್ತದೆ?

ಪ್ರಶ್ನೆ: ಸರ್ ನಮಸ್ಕಾರ, ನಾನು ಶಿರಸಿ ಕಡೆಯವ, ಮೆಕ್ಯಾನಿಕಲ್ ಡಿಪ್ಲೊಮಾ ಕೊನೇ ವರ್ಷ. ನಮ್ಮ ಅಡಿಕೆ ತೋಟಕ್ಕೆ ಕೆಳಗಿನ ಹಳ್ಳದಿಂದ ಪಂಪಲ್ಲಿ ನೀರು ಎತ್ತೋದು. ಕರೆಂಟ್ ಹೋದ ಕೂಡ್ಲೆ ಪೈಪಲ್ಲಿ ಧಡ್ ಅಂತ ಸೌಂಡು, ಈ ಬೇಸಿಗೇಲಿ ಎರಡ್ ಸಲ ಎನ್‌ಆರ್‌ವಿ (ನೀರು ವಾಪಸ್ ಬರದಂಗೆ ತಡೆಯೋ ವಾಲ್ವ್) ಹತ್ರಾನೇ ಪೈಪ್ ಒಡೀತು. ಕೈಗಾದಂಥ ಅಣುಸ್ಥಾವರದಲ್ಲಿ ಫೀಡ್‌ವಾಟರ್ (ಉಗಿ ಮಾಡೋಕೆ ಒಳಗೆ ಹೋಗೋ ನೀರು) ವಾಲ್ವ್ ಫಕ್ಕನೆ ಮುಚ್ಚಿದ್ರೂ ಹೀಗೇ ಆಗ್ತದಾ? ಎಷ್ಟು ಸೆಕೆಂಡಲ್ಲಿ ಮುಚ್ಚಿದ್ರೆ ಸೇಫು?

ಉತ್ತರ: ಆಗ್ತದೆ, ಎರಡೂ ಒಂದೇ ಜಾತಿ, ವಾಟರ್ ಹ್ಯಾಮರ್, ಅಂದ್ರೆ ಓಡೋ ನೀರು ಫಕ್ಕನೆ ನಿಂತಾಗ ಬೀಳೋ ಒತ್ತಡದ ಪೆಟ್ಟು. ಆದ್ರೆ "ಎಷ್ಟು ಸೆಕೆಂಡು" ಅನ್ನೋ ಪ್ರಶ್ನೆ ಇದ್ಯಲ್ಲ, ಅದು ಅರ್ಧ ಪ್ರಶ್ನೆ ಮಾರಾಯಾ. ವಾಲ್ವ್ ಪೂರ್ತಿ ಕೂತ ಆ ಗಳಿಗೇಲಿ ನೀರು ಎಷ್ಟು ವೇಗದಲ್ಲಿತ್ತು, ಅದನ್ನ ಕೇಳ್ಬೇಕು.

ಮೊದ್ಲು ನಿಮ್ಮ ತೋಟದ ಲೆಕ್ಕ ನೋಡುವ. ರಷ್ಯಾದ ಜುಕೋವ್ಸ್ಕಿ 1898ರಲ್ಲೇ ಸೂತ್ರ ಕೊಟ್ಟಿದಾನೆ, ನೀರಿನ ಸಾಂದ್ರತೆ, ಪೈಪೊಳಗೆ ಒತ್ತಡದ ಅಲೆ ಓಡೋ ಸ್ಪೀಡು, ಫಕ್ಕನೆ ನಿಂತುಹೋದ ಹರಿವಿನ ವೇಗ, ಮೂರನ್ನೂ ಗುಣಿಸಿದ್ರೆ ಎಷ್ಟು ಒತ್ತಡ ಏರ್ತದೆ ಅಂತ ಸಿಗ್ತದೆ. ಪಿವಿಸಿ ಪೈಪಲ್ಲಿ ಅಲೆ ಸೆಕೆಂಡಿಗೆ ಸುಮಾರು 400 ಮೀಟರ್ ಓಡ್ತದೆ. ಕರೆಂಟ್ ಹೋಗಿ ನೀರು ವಾಪಸ್ ಬರ್ತಾ ಸೆಕೆಂಡಿಗೆ 1 ಮೀಟರ್ ವೇಗ ಹಿಡಿದಾಗ ಎನ್‌ಆರ್‌ವಿ ಧಡಕ್ ಅಂತ ಕೂತ್ರೆ 4 ಕೆಜಿ ಪ್ರೆಶರ್ ಏರ್ತು, ಗುಡ್ಡ 30 ಮೀಟರ್ ಎತ್ತರ ಇದ್ರೆ ಅದರ 3 ಕೆಜಿ ಮೊದ್ಲೇ ಉಂಟು, ಒಟ್ಟು 7. ನೀವು ಹಾಕಿದ್ದು 4 ಕೆಜಿ ಪೈಪಾದ್ರೆ ಒಡೀದೆ ಇನ್ನೇನು, 6 ಕೆಜಿದೂ ದಿನಕ್ಕೆ ಹತ್ತು ಸಲ ಕರೆಂಟ್ ಹೋಗೋ ನಮ್ಮೂರಲ್ಲಿ ಪೆಟ್ಟು ತಿಂದು ತಿಂದು ಒಂದಿನ ಜಾಯಿಂಟಲ್ಲಿ ಬಿಡ್ತದೆ.

ಈಗ ಫೀಡ್‌ವಾಟರ್. ಕೈಗಾದ್ದು 220 ಮೆಗಾವ್ಯಾಟಿನ ಘಟಕಗಳು, ಅಲ್ಲಿ ಉಗಿ ಸುಮಾರು 250 ಡಿಗ್ರಿ, 40 ಕೆಜಿ ಒತ್ತಡ, ಅದಕ್ಕೆ ಒಳಗೆ ಹೋಗೋ ನೀರೂ 170 ಡಿಗ್ರಿ ಆಸುಪಾಸು. ಮುಂದಿನ ಅಂಕಿ ಕೈಗಾದ್ದಲ್ಲ, ಲೆಕ್ಕಕ್ಕೆ ಇಟ್ಕೊಂಡದ್ದು: ಸ್ಟೀಲ್ ಪೈಪು, ಒಳವ್ಯಾಸ 36 ಸೆಂಟಿಮೀಟರ್, ಉದ್ದ 120 ಮೀಟರ್, ನೀರು ಸೆಕೆಂಡಿಗೆ 5 ಮೀಟರ್, ಅಲೆ 1200 ಮೀಟರ್. ಅಲೆ ಹೋಗಿ ತಿರುಗಿ ಬರೋಕೆ 0.2 ಸೆಕೆಂಡು. ಅದಕ್ಕಿಂತ ಬೇಗ ಮುಚ್ಚಿದ್ರೆ ಪೂರ್ತಿ ಪೆಟ್ಟು, ಸುಮಾರು 54 ಬಾರ್ (1 ಬಾರ್ ಅಂದ್ರೆ ಹೆಚ್ಚುಕಮ್ಮಿ 1 ಕೆಜಿ ಪ್ರೆಶರ್).

ಹಾಗಾದ್ರೆ 5 ಸೆಕೆಂಡಿನ ವಾಲ್ವ್ ಹಾಕಿದ್ರೆ ಆರಾಮಲ್ವಾ? ಅಷ್ಟು ಸಲೀಸಲ್ಲ. ಗೇಟ್ ವಾಲ್ವ್ ಮುಕ್ಕಾಲು ಇಳಿದ್ರೂ ಹರಿವು ಅಷ್ಟೇನೂ ಕಮ್ಮಿ ಆಗೋದಿಲ್ಲ, ಕೊನೇ ಒಂದಿಷ್ಟು ಇಳಿಯೋವಾಗ ದಬಕ್ಕಂತ ಕಟ್ಟಾಗ್ತದೆ, ಕಾಗದದ ಮೇಲಿನ 5 ಸೆಕೆಂಡು ಲೆಕ್ಕಕ್ಕೆ ಒಂದು ಸೆಕೆಂಡಿಗೂ ಇಳೀಬಹುದು. ಇನ್ನು ಚೆಕ್ ವಾಲ್ವ್, ಅಂದ್ರೆ ನಿಮ್ಮ ಎನ್‌ಆರ್‌ವಿಯ ದೊಡ್ಡಣ್ಣ, ಅದಕ್ಕೆ ಟೈಮ್ ಕೊಡೋರೇ ಇಲ್ಲ, ಪೈಪ್ ಒಡೆದು ನೀರು ಹಿಂದೆ ಓಡಿದ್ರೆ ನೀರೇ ಅದನ್ನ ಎಳಕೊಂಡು ಹೋಗಿ ಬಡೀತದೆ.

ನಾನು ಪೈಪಿಂಗ್ ಕೆಲ್ಸ ಕಲಿಯೋವಾಗ ಪೈಪಿನ ದಪ್ಪ ಮಾತ್ರ ನೋಡಿ ಪಾಸ್ ಅಂತ ಬರೆದಿದ್ದೆ, ಸೀನಿಯರ್ ಒಬ್ರು ಹಾಳೆ ತಿರುಗಿಸಿ "ಸಪೋರ್ಟ್ ಎಲ್ಲಿ ಮಾರಾಯಾ?" ಅಂದ್ರು. ಹೌದಲ್ಲ! ಅಲೆ ಒಂದು ಬೆಂಡಿಗೆ ಮುಟ್ಟಿ ಇನ್ನೊಂದಕ್ಕೆ ಇನ್ನೂ ಮುಟ್ಟದ ಆ ಕೆಲವು ಮಿಲಿಸೆಕೆಂಡಲ್ಲಿ ಆಚೆ ಈಚೆ ಒತ್ತಡ ಸಮ ಇರೋದಿಲ್ಲ, 54 ಬಾರಿಗೆ ಆ ಪೈಪಿನ ಮೇಲೆ ಹೆಚ್ಚಂದ್ರೆ 55 ಟನ್ ತಳ್ಳು, ಲೋಡಾದ ಎರಡು ಹತ್ತು ಚಕ್ರದ ಲಾರಿ ತೂಕ. ಪೈಪ್ ತಡ್ಕೊಂಡ್ರೂ ಸಪೋರ್ಟ್ ಕಿತ್ಕೊಂಡು ಬರ್ತದೆ. ಅದಕ್ಕೇ ಕಂಪ್ಯೂಟರಲ್ಲಿ ಮೆಥಡ್ ಆಫ್ ಕ್ಯಾರೆಕ್ಟರಿಸ್ಟಿಕ್ಸ್ ಅನ್ನೋ ಲೆಕ್ಕದ ವಿಧಾನ ಹಾಕಿ, ಪೈಪನ್ನ ತುಂಡು ತುಂಡು ಮಾಡಿ, ಮಿಲಿಸೆಕೆಂಡ್ ಲೆಕ್ಕದಲ್ಲಿ ಒತ್ತಡ ತೆಗೆದು, ಒಂದೊಂದು ಬೆಂಡಿನ ಬಲವನ್ನ ಸ್ಟ್ರೆಸ್ ಟೀಮಿಗೆ ಕೊಡೋದು.

ಬಿಸಿನೀರಿನ ಇನ್ನೊಂದು ಕಿತಾಪತಿ ಉಂಟು. ವಾಲ್ವಿನ ಮುಂದಿನ ಕಡೆ ಒತ್ತಡ ಬೀಳ್ತದಲ್ಲ, 170 ಡಿಗ್ರಿ ನೀರು 8 ಬಾರಿಗೆ ಇಳಿದ್ರೆ ಸಾಕು, ಅಲ್ಲೇ ಕುದ್ದು ಉಗಿ ಆಗ್ತದೆ. ಆ ಉಗಿಗುಳ್ಳೆ ಮತ್ತೆ ಕುಸಿಯೋವಾಗ ಎರಡೂ ಕಡೆ ನೀರು ಬಂದು ಬಡೀತದೆ, ಈ ಎರಡನೇ ಪೆಟ್ಟು ಮೊದಲನೇದಕ್ಕಿಂತ ಜೋರೂ ಆಗಬಹುದು.

ಹಂಗಂತ ಮುಚ್ಚದೇ ಇದ್ರೆ ಒಳ್ಳೇದಾ? 1985ರ ನವೆಂಬರ್ 21ಕ್ಕೆ ಕ್ಯಾಲಿಫೋರ್ನಿಯಾದ ಸ್ಯಾನ್ ಒನೋಫ್ರೆ 1ನೇ ಘಟಕದಲ್ಲಿ ಫೀಡ್‌ವಾಟರ್ ಸಿಸ್ಟಮ್ಮಿನ ಐದು ಚೆಕ್ ವಾಲ್ವ್ ಕೈಕೊಟ್ಟವು. ಲೈನ್ ಖಾಲಿಯಾಗಿ ಉಗಿ ತುಂಬ್ತು, ಮತ್ತೆ ತಣ್ಣೀರು ಹೋದಾಗ ಉಗಿ ಕುಸಿದು ವಾಟರ್ ಹ್ಯಾಮರ್, ಪೈಪು ಬಿರುಕು ಬಿಡ್ತು, ಸಪೋರ್ಟುಗಳೂ ಹಾಳಾದವು.

ಹಾಗಾಗಿ ಎರಡೇ ದಾರಿ. ಒಂದೋ ನೀರು ಹಿಂದೆ ತಿರುಗೋ ಮೊದ್ಲೇ ಸ್ಪ್ರಿಂಗ್ ತಳ್ಳಿ ಮುಚ್ಚಬೇಕು, ಇಲ್ಲಾ ಕೊನೇ ಗಳಿಗೇಲಿ ಡ್ಯಾಶ್‌ಪಾಟ್ (ಬಾಗಿಲು ಬಡಿಯದಂಗೆ ಹಿಡಿಯೋ ಡೋರ್ ಕ್ಲೋಸರ್ ಥರದ್ದು) ಹಿಡಿದು ಮೆತ್ತಗೆ ಕೂರಿಸಬೇಕು. ನಿಮ್ಮ ತೋಟಕ್ಕೆ ಮೊದಲನೇದೇ ಸಾಕು. ಈಗಿರೋದು ಬಾಗಿಲಿನ ಥರ ತೂಗೋ ಎನ್‌ಆರ್‌ವಿ ಆಗಿದ್ರೆ ತೆಗೆದು ಸ್ಪ್ರಿಂಗಿನದ್ದು ಹಾಕಿ, ಪಂಪಿನಿಂದ ಮೊದಲ ಏಳೆಂಟು ಪೈಪು 10 ಕೆಜಿದು ಹಾಕಿ, ಬೆಂಡಿರೋ ಕಡೆ ಒಂದು ಬುಟ್ಟಿ ಕಾಂಕ್ರೀಟ್ ಸುರೀರಿ, ಮಳೆ ಶುರುವಾಗೋ ಮೊದ್ಲೇ.