ಟೆಕ್ಸಾಸ್‌ನಲ್ಲಿ ಕ್ಲಾಸ್ ರ್‍ಯಾಂಕ್ ಇದ್ದರೆ ಯೂನಿವರ್ಸಿಟಿ ಸೀಟು ಗ್ಯಾರಂಟಿನಾ?

ಕ್ಲಾಸಿನ ಮೊದಲ ಹತ್ತು ಪರ್ಸೆಂಟಿನಲ್ಲಿದ್ದರೆ ಟೆಕ್ಸಾಸ್‌ನ ಸರ್ಕಾರಿ ಯೂನಿವರ್ಸಿಟಿಯಲ್ಲಿ ಸೀಟು ಖಾತ್ರಿ ಅಂತ ಯಾರೋ ನಿಮಗೆ ಹೇಳಿದ್ದಾರೆ. ಹಾಗಾದರೆ ಬೆಂಗಳೂರಿನಿಂದ ಆಸ್ಟಿನ್‌ಗೆ ಬಂದ ಮೇಲೆ ಮಗಳನ್ನು ಒಂಬತ್ತನೇ ಕ್ಲಾಸಿಗೆ ಪೈಪೋಟಿ ಜಾಸ್ತಿ ಇರುವ ಸ್ಕೂಲಿಗೆ ಸೇರಿಸೋದಾ, ಸಾಧಾರಣ ಸ್ಕೂಲಿಗಾ ಅಂತ ಕೇಳಿದ್ದೀರಿ. ಹೇಳಿದವರು ಅರ್ಧ ಹೇಳಿ ಬಿಟ್ಟಿದ್ದಾರೆ. ಉಳಿದರ್ಧ ನನ್ನ ಮಗನ ಹೈಸ್ಕೂಲಿನ ನಾಲ್ಕು ವರ್ಷದಲ್ಲಿ ನನಗೆ ಗೊತ್ತಾಯಿತು. ಅವನು ಮುಗಿಸಿದ್ದು 2022ರಲ್ಲಿ.

ಮೊದಲು ನಮ್ಮೂರಿನ ರ್‍ಯಾಂಕನ್ನು ತಲೆಯಿಂದ ತೆಗೆದುಬಿಡಿ. ಎಂಜಿನಿಯರಿಂಗ್‌ಗೆ ಸಿಇಟಿ ರ್‍ಯಾಂಕ್ ಅಂದರೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಬೀದರಿನ ಹುಡುಗನೂ ಬಸವನಗುಡಿಯ ಹುಡುಗಿಯೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಇಲ್ಲಿ ನಿಮ್ಮ ಮಗಳು ನಿಲ್ಲೋದು ಅವಳ ಸ್ಕೂಲಿನ ಅವಳ ಬ್ಯಾಚಿನವರ ಜೊತೆ ಮಾತ್ರ. ಪಕ್ಕದ ಸ್ಕೂಲಿನವರು ಎಷ್ಟೇ ಜಾಣರಿರಲಿ, ಅವಳ ರ್‍ಯಾಂಕಿಗೆ ಏನೂ ಆಗಲ್ಲ.

ಇದು ಬಂದದ್ದು ಹೀಗೆ. 1996ರಲ್ಲಿ ಹಾಪ್‌ವುಡ್ ಕೇಸಿನಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಜನಾಂಗ ನೋಡಿ ಸೀಟು ಕೊಡುವ ಹಾಗಿಲ್ಲ ಅಂದಿತು. ಕರಿಯರ, ಹಿಸ್ಪಾನಿಕ್ ಮಕ್ಕಳ, ಹಳ್ಳಿ ಸ್ಕೂಲಿನವರ ದಾರಿ ಮುಚ್ಚಿಹೋಗದಿರಲಿ ಅಂತ 1997ರಲ್ಲಿ ರಾಜ್ಯದ ಶಾಸನಸಭೆ ಬೇರೆ ಉಪಾಯ ಮಾಡಿತು: ರಾಜ್ಯದ ಯಾವ ಹೈಸ್ಕೂಲೇ ಆಗಲಿ, ಮೊದಲ ಹತ್ತು ಪರ್ಸೆಂಟಿನಲ್ಲಿರುವವರಿಗೆ ಸರ್ಕಾರಿ ಯೂನಿವರ್ಸಿಟಿ ಬಾಗಿಲು ತೆರೆಯಲೇಬೇಕು. ಸಹಿ ಹಾಕಿದ್ದು ಆಗ ಗವರ್ನರ್ ಆಗಿದ್ದ ಜಾರ್ಜ್ ಬುಷ್. ಹೂಸ್ಟನ್‌ನ ರೈಸ್ ಖಾಸಗಿಯದು, ಅದಕ್ಕೆ ಇದು ಅನ್ವಯಿಸಲ್ಲ.

ಆದರೆ ಆಸ್ಟಿನ್‌ನ ಯೂನಿವರ್ಸಿಟಿ ಆಫ್ ಟೆಕ್ಸಾಸ್ (ಇಲ್ಲಿ ಎಲ್ಲರ ಬಾಯಲ್ಲೂ ಬರೀ ಯುಟಿ) ಈ ಹತ್ತು ಪರ್ಸೆಂಟಿನವರಿಂದಲೇ ತುಂಬತೊಡಗಿತು. 2009ರಲ್ಲಿ ಕಾನೂನು ತಿದ್ದಿದರು: ರಾಜ್ಯದ ಮಕ್ಕಳಿಗಿರುವ ಸೀಟುಗಳಲ್ಲಿ ಮುಕ್ಕಾಲು ಭಾಗವನ್ನು ಹೀಗೆ ತುಂಬಿದರೆ ಯುಟಿಗೆ ಸಾಕು. ಹಾಗಾಗಿ ಅದರ ಗೆರೆ ಬಿಗಿಯಾಗುತ್ತ ಬಂತು. ನನ್ನ ಮಗನ ಕಾಲಕ್ಕೆ 6 ಪರ್ಸೆಂಟ್. 2026ರ ಫಾಲ್ (ಆಗಸ್ಟಿನಲ್ಲಿ ಶುರುವಾಗುವ) ಬ್ಯಾಚಿಗೆ 5. ಟೆಕ್ಸಾಸ್ ಎ ಅಂಡ್ ಎಂ, ಯುಟಿ ಡಾಲಸ್, ಹೂಸ್ಟನ್ ಯೂನಿವರ್ಸಿಟಿ, ಟೆಕ್ಸಾಸ್ ಟೆಕ್‌ಗಳಲ್ಲಿ ಹತ್ತು ಹತ್ತೇ ಆಗಿ ಉಳಿದಿದೆ. ನಿಮಗೆ ಹೇಳಿದವರು ಈ ವ್ಯತ್ಯಾಸ ಹೇಳಿದ್ದರೋ ಇಲ್ಲವೋ.

ಬ್ಯಾಚಿನಲ್ಲಿ 600 ಮಕ್ಕಳಿದ್ದರೆ 5 ಪರ್ಸೆಂಟ್ ಅಂದರೆ 30. ನಮ್ಮ ಕಡೆಯವರೇ ತುಂಬಿರುವ ಬಡಾವಣೆಯ ಸ್ಕೂಲಿನಲ್ಲಿ ಆ 30ರೊಳಗೆ ಬರೋದು ಹುಡುಗಾಟವಲ್ಲ. ಅಲ್ಲಿ 40ನೇ ಜಾಗಕ್ಕೂ 20ನೇ ಜಾಗಕ್ಕೂ ನಡುವೆ ಇರೋದು ದಶಮಾಂಶದ ಆಚೆಯ ಅಂಕಿಗಳು.

ಆ ದಶಮಾಂಶಗಳ ಕಥೆ ಕೇಳಿ. ರ್‍ಯಾಂಕು ನಿಂತಿರೋದು ಜಿಪಿಎ ಮೇಲೆ, ಅಂದರೆ ಎಲ್ಲ ಕೋರ್ಸುಗಳ ಗ್ರೇಡಿನ ಸರಾಸರಿ. ಮಗ ಹನ್ನೊಂದನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ಊಟಕ್ಕೆ ಕೂತವನು, "ಅಪ್ಪ, ಬ್ಯಾಂಡ್‌ನಲ್ಲಿ ನೂರಕ್ಕೆ ನೂರು ಬಂತು, ಅದಕ್ಕೇ ಜಿಪಿಎ ಇಳೀತು" ಅಂದ. ತಮಾಷೆ ಅಂದುಕೊಂಡೆ. ಅನ್ನದ ತಟ್ಟೆ ಸರಿಸಿ ಕರೆಂಟ್ ಬಿಲ್ಲಿನ ಹಿಂದೆ ಲೆಕ್ಕ ಹಾಕಿ ತೋರಿಸಿದ. ಅವನ ಸ್ಕೂಲಿನಲ್ಲಿ ಎಪಿ ಅನ್ನುವ ಕಠಿಣ ಕೋರ್ಸುಗಳಲ್ಲಿ ಎ ಗ್ರೇಡ್ ಬಂದರೆ 5, ಮಾಮೂಲಿ ಕೋರ್ಸಿನಲ್ಲಿ ಎ ಬಂದರೆ 4. ಆರು ಎಪಿ, ಎಲ್ಲದರಲ್ಲೂ ಎ: 30. ಬ್ಯಾಂಡ್ ಮಾಮೂಲಿ ಕೋರ್ಸು: 4. ಏಳರಿಂದ ಭಾಗಿಸಿದರೆ 4.86. ಬ್ಯಾಂಡ್ ಬಿಟ್ಟು ಆ ಪೀರಿಯಡ್ಡನ್ನು ಖಾಲಿ ಇಟ್ಟುಕೊಂಡ ಅವನ ಗೆಳೆಯನಿಗೆ ಸರಿಯಾಗಿ 5. ಕ್ಲಾರಿನೆಟ್ ಚೆನ್ನಾಗಿ ಊದಿದ್ದಕ್ಕೆ ನಮ್ಮವನು ಹಿಂದೆ ಬಿದ್ದಿದ್ದ!

ಎಲ್ಲ ಕಡೆ ಹೀಗೇ ಇರಲ್ಲ. ಕೆಲವು ಸ್ಕೂಲ್ ಡಿಸ್ಟ್ರಿಕ್ಟುಗಳು 6ರ ಲೆಕ್ಕ ಇಡುತ್ತವೆ, ಕೆಲವು ಸಂಗೀತ, ಆಟಗಳನ್ನು ಜಿಪಿಎಗೆ ಸೇರಿಸೋದೇ ಇಲ್ಲ. ಅದಕ್ಕೇ ಮನೆ ಹಿಡಿಯುವ ಮುಂಚೆ ಸ್ಕೂಲಿನಲ್ಲಿ ಮಕ್ಕಳಿಗೆ ಸಲಹೆ ಕೊಡುವ ಕೌನ್ಸೆಲರ್‌ಗೆ ಇಮೇಲ್ ಹಾಕಿ ಕೇಳಿ: ಯಾವ ಯಾವ ವಿಷಯ ರ್‍ಯಾಂಕಿಗೆ ಸೇರುತ್ತೆ, ಯಾವುದಕ್ಕೆ ಎಷ್ಟು ತೂಕ, ಎಂಟನೇ ಕ್ಲಾಸಿನಲ್ಲೇ ಬೀಜಗಣಿತ ಮುಗಿಸಿದ ಇಲ್ಲಿನ ಮಕ್ಕಳಿಗೆ ಆ ಅಂಕ ಸೇರುತ್ತಾ, ಭಾರತದಿಂದ ಬಂದವಳಿಗೆ ಏನು ಮಾಡ್ತೀರಿ. ಉತ್ತರ ಬರವಣಿಗೆಯಲ್ಲೇ ಇರಲಿ. ಕಾಲೇಜಿಗೆ ಅರ್ಜಿ ಹಾಕುವಾಗ ಕೈಯಲ್ಲಿರೋದು ಹನ್ನೊಂದನೇ ಕ್ಲಾಸಿನ ಕೊನೆಯವರೆಗಿನ ರ್‍ಯಾಂಕು. ಹನ್ನೆರಡರಲ್ಲಿ ಸರಿಮಾಡಿಕೊಳ್ಳೋಣ ಅನ್ನೋ ನಮ್ಮ ಪಿಯುಸಿ ಲೆಕ್ಕಾಚಾರ ಇಲ್ಲಿ ನಡೆಯಲ್ಲ.

ಇನ್ನು ಅರ್ಧಕ್ಕೆ ಬಿಟ್ಟ ಮಾತು. ರ್‍ಯಾಂಕಿನಿಂದ ಸಿಗೋದು ಯೂನಿವರ್ಸಿಟಿ, ಬ್ರಾಂಚ್ ಅಲ್ಲ. ಯುಟಿಯಲ್ಲಿ ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್, ಬಿಸಿನೆಸ್‌ಗೆ 5 ಪರ್ಸೆಂಟಿನವರೂ ಪ್ರಬಂಧ, ಎಸ್‌ಎಟಿ ಅನ್ನುವ ಪ್ರವೇಶ ಪರೀಕ್ಷೆಯ ಅಂಕ, ಹೊರಗಿನ ಚಟುವಟಿಕೆ ಎಲ್ಲ ಒಟ್ಟಿಗೆ ತೂಗಿಸಿಕೊಳ್ಳಬೇಕು. (ಕೋವಿಡ್ ಕಾಲದಲ್ಲಿ ಕೈಬಿಟ್ಟಿದ್ದ ಎಸ್‌ಎಟಿ ಅಥವಾ ಅಂಥದ್ದೇ ಪರೀಕ್ಷೆಯಾದ ಎಸಿಟಿಯನ್ನು 2025ರ ಫಾಲ್‌ನಿಂದ ಯುಟಿ ಮತ್ತೆ ಕಡ್ಡಾಯ ಮಾಡಿದೆ.) ನನ್ನ ಸ್ನೇಹಿತರೊಬ್ಬರು ಕೆಲಸದ ಮೇಲೆ ಸಣ್ಣ ಊರಿಗೆ ಹೋದರು, ಬ್ಯಾಚಿನಲ್ಲಿ 90 ಮಕ್ಕಳು, ಮಗಳು ಮೂರನೆಯವಳು. ಯುಟಿ ತಾನಾಗಿ ಸಿಕ್ಕಿತು. ಕೇಳಿದ್ದು ಕಂಪ್ಯೂಟರ್ ಸೈನ್ಸ್, ಸಿಕ್ಕಿದ್ದು ಲಿಬರಲ್ ಆರ್ಟ್ಸ್. ಅವಳ ಸ್ಕೂಲಿನಲ್ಲಿ ಎಪಿ ಕೋರ್ಸುಗಳು ಇದ್ದದ್ದೇ ಮೂರು. ಮೊದಲ ವರ್ಷ ಕ್ಯಾಲ್ಕುಲಸ್‌ಗೆ ಕೂತು ಅತ್ತಳಂತೆ.

ನನ್ನ ಮಗ 640ರಲ್ಲಿ 51ನೆಯವನು. 8 ಪರ್ಸೆಂಟ್ ಹತ್ತಿರ. ಯುಟಿ ಗೆರೆ 38ಕ್ಕೇ ನಿಂತಿತ್ತು. ಗೆರೆ ತಪ್ಪಿದವರಿಗೆ ಬಾಗಿಲು ಪೂರ್ತಿ ಮುಚ್ಚಲ್ಲ, ಉಳಿದ ಸೀಟಿಗೆ ಎಲ್ಲವನ್ನೂ ನೋಡಿ ತೀರ್ಮಾನಿಸುತ್ತಾರೆ; ಅವನಿಗೆ ಅಲ್ಲೂ ಆಗಲಿಲ್ಲ. ಹತ್ತರೊಳಗೆ ಇದ್ದದ್ದರಿಂದ ಯುಟಿ ಡಾಲಸ್ ಸಿಕ್ಕಿತು, ಕಂಪ್ಯೂಟರ್ ಸೈನ್ಸೂ ಸಿಕ್ಕಿತು. ಈ ಗೆರೆಯ ಆಚೆ ಉಳಿದವರ ಕೇಸು ಸುಪ್ರೀಂ ಕೋರ್ಟಿಗೂ ಹೋಗಿದೆ ಗೊತ್ತಾ? ನಮ್ಮವರು ಬೇಕಾದಷ್ಟಿರುವ ಷುಗರ್ ಲ್ಯಾಂಡಿನ ಸ್ಕೂಲಿನಲ್ಲಿ 674ರಲ್ಲಿ 82ನೆಯವಳಾಗಿದ್ದ ಆಬಿಗೇಲ್ ಫಿಷರ್ 2008ರಲ್ಲಿ ಯುಟಿ ಮೇಲೆ ದಾವೆ ಹೂಡಿದಳು. 2016ರಲ್ಲಿ 4-3ರಿಂದ ಸೋತಳು.

ಮನೆ ವಿಷಯಕ್ಕೆ ಬರ್ತೀನಿ. ಬರೀ ರ್‍ಯಾಂಕಿಗೋಸ್ಕರ ಸಾಧಾರಣ ಸ್ಕೂಲು ಹುಡುಕಬೇಡಿ, ಸ್ನೇಹಿತರ ಮಗಳ ಪಾಡು ಹೇಳಿದೆನಲ್ಲ. ಹತ್ತಕ್ಕೆ ಹತ್ತು ರೇಟಿಂಗ್ ಇರುವ ಸ್ಕೂಲಿಗೋಸ್ಕರ ತಿಂಗಳಿಗೆ ಐನೂರು ಡಾಲರ್ ಬಾಡಿಗೆ ಜಾಸ್ತಿನೂ ಕೊಡಬೇಡಿ. ಕ್ಯಾಲ್ಕುಲಸ್, ಫಿಸಿಕ್ಸ್, ಕಂಪ್ಯೂಟರ್ ಸೈನ್ಸ್ ಎಪಿ ಇರುವ ನಡುವಿನ ಸ್ಕೂಲು ಆಸ್ಟಿನ್ ಸುತ್ತ ಸಿಗುತ್ತೆ, ನಾನಾಗಿದ್ದರೆ ಅದನ್ನೇ ನೋಡ್ತಿದ್ದೆ. ಒಂಬತ್ತನೇ ಕ್ಲಾಸಿಗೆ ಹೆಸರು ಬರೆಸುವ ದಿನವೇ 'ಡಿಸ್ಟಿಂಗ್ವಿಶ್ಡ್ ಲೆವೆಲ್ ಆಫ್ ಅಚೀವ್‌ಮೆಂಟ್' ಅನ್ನುವ, ಮಾಮೂಲಿಗಿಂತ ಹೆಚ್ಚಿನ ಕೋರ್ಸುಗಳ ಪ್ಲಾನಿನಲ್ಲಿ ಇದ್ದಾಳಾ ಅಂತ ಖಚಿತ ಮಾಡಿಕೊಳ್ಳಿ. ಸರ್ಕಾರಿ ಸ್ಕೂಲಿನಲ್ಲಿ ಅದಿಲ್ಲದೆ ಒಂದನೇ ರ್‍ಯಾಂಕ್ ಬಂದರೂ ಈ ಖಾತ್ರಿ ಸೀಟು ಇಲ್ಲ.

ಮಗಳು ಏನಾದರೂ ವಾದ್ಯ ನುಡಿಸುತ್ತಾಳಾ, ಅದನ್ನು ನೀವು ಬರೆದಿಲ್ಲ. ನುಡಿಸೋದಾದರೆ ಮೇಲೆ ಹೇಳಿದ ಇಮೇಲಿನಲ್ಲಿ ಬ್ಯಾಂಡ್, ಆರ್ಕೆಸ್ಟ್ರಾ ಲೆಕ್ಕವನ್ನೂ ಕೇಳಿಬಿಡಿ. ನಮ್ಮವನು ನಾಲ್ಕೂ ವರ್ಷ ಕ್ಲಾರಿನೆಟ್ ಬಿಡಲಿಲ್ಲ.