ಯಜಮಾನರ ಜೊತೆ ಕಲಹ ಇರುವ ಗೇಮ್

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ಹಳೇ ವಿಡಿಯೊ ಗೇಮ್ ಡಿಸ್ಕ್‌ಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಪ್ರತಿಯೊಂದಕ್ಕೂ ನಾಲ್ಕು ಸಾಲು ವಿವರಣೆ ಬೇಕು. ಡಬ್ಬಿಯ ಹಿಂದೆ ಇರುವುದನ್ನೋ, ದೊಡ್ಡ ಅಂಗಡಿಯವರು ಹಾಕಿದ್ದನ್ನೋ ಕನ್ನಡಕ್ಕೆ ತಂದು, ಕಾಪಿ ಅನ್ನಿಸಬಾರದು ಅಂತ ಒಂದೊಂದು ಪದಕ್ಕೂ ಸಮಾನಾರ್ಥಕ ಪದ ಹಾಕುತ್ತೇನೆ. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡೇ ಕೂರುತ್ತೇನೆ. ಆದರೂ ಯಾರೂ ಕೊಳ್ಳುತ್ತಿಲ್ಲ. ಒಬ್ಬರಂತೂ ಫೋನ್ ಮಾಡಿ ನಕ್ಕುಬಿಟ್ಟರು. ‘ಇಟ್ ಟೇಕ್ಸ್ ಟು’ ಗೇಮ್‌ಗೆ ಬರೆದದ್ದನ್ನು ಕಳಿಸಿದ್ದೇನೆ. ಎಲ್ಲಿ ತಪ್ಪಿದೆ ಹೇಳಿ.
— ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ತಮ್ಮಾ, ನೀವು ಕಳಿಸಿದ್ದನ್ನು ಮೊದಲು ಎಲ್ಲರಿಗೂ ಓದಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ‘ಸಹಕಾರಿ ಕ್ರೀಡೆ. ಒಡೆದ ಪರದೆಯಲ್ಲಿ ಬಹುಜನ ಆಡಬಹುದು. ಹಂತ ಹಂತಕ್ಕೂ ಯಜಮಾನರ ಜೊತೆ ಘೋರ ಕಲಹ. ತನ್ನಷ್ಟಕ್ಕೇ ಉಳಿತಾಯವಾಗುತ್ತದೆ.’

ನಮ್ಮ ಮನೆಯಲ್ಲಿ ಇದಕ್ಕೆ ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮ ಯಜಮಾನರೇ. ‘ಇದಕ್ಕೆ ಡಿಸ್ಕ್ ಬೇರೆ ಬೇಕಾ?’ ಅಂದರು.

ನೀವು ಏನು ಮಾಡಿದ್ದೀರಿ ಅಂತ ಗೊತ್ತಾಯಿತು. ಬಾಸ್ ಅಂದರೆ ಗೇಮ್‌ನಲ್ಲಿ ಎದುರಾಗುವ ದೊಡ್ಡ ಎದುರಾಳಿ, ಅದನ್ನು ಯಜಮಾನ ಮಾಡಿದಿರಿ. ಜೊತೆಗೂಡಿ ಆಡುವ ಕೋ-ಆಪ್ ಸಹಕಾರಿ ಆಯಿತು. ಓದಿದವರಿಗೆ ಹಾಲಿನ ಡೇರಿ ನೆನಪಾಗುತ್ತೆ. ಸ್ಪ್ಲಿಟ್ ಸ್ಕ್ರೀನ್ ಅಂದರೆ ಟಿವಿಯನ್ನು ಎರಡು ಪಾಲು ಮಾಡಿ ಇಬ್ಬರಿಗೂ ತೋರಿಸುವುದು. ಅದು ‘ಒಡೆದ ಪರದೆ’ ಆದರೆ ಯಾರು ತಾನೆ ದುಡ್ಡು ಕೊಡುತ್ತಾರೆ? ಆಟ ಎಲ್ಲಿಗೆ ಬಂದಿದೆಯೋ ಅದು ತಾನೇ ಸೇವ್ ಆಗುವುದು ಉಳಿತಾಯ ಆಯಿತು, ಪೋಸ್ಟಾಫೀಸಿನ ಪಾಸ್‌ಬುಕ್ ತರಹ.

ಇಷ್ಟಾದರೂ ಇವೆಲ್ಲ ನಗುವಿನಲ್ಲೇ ಮುಗಿಯುವ ತಪ್ಪುಗಳು. ನಿಜವಾದ ತಪ್ಪು ‘ಬಹುಜನ’. ಈ ಗೇಮ್ ಆಡಲು ಸರಿಯಾಗಿ ಇಬ್ಬರು ಬೇಕು. ಮೂವರಾದರೆ ಆಗಲ್ಲ, ಒಬ್ಬರಂತೂ ಆಡೋಕೇ ಬರಲ್ಲ. ಒಂದೇ ಮಗು ಇರುವ ಮನೆಯವರು ನಿಮ್ಮ ಸಾಲು ನಂಬಿ ತರಿಸಿಕೊಂಡರೆ ಮಾರನೇ ದಿನವೇ ಡಿಸ್ಕ್ ವಾಪಸ್ ಬರುತ್ತೆ. ‘ಇಬ್ಬರು’ ಅನ್ನುವ ಪದಕ್ಕೆ ಪರ್ಯಾಯ ಹುಡುಕಬೇಕು ಅಂತ ನಿಮಗೆ ಯಾರು ಹೇಳಿದರು?

ನನಗಂತೂ ಹೇಳಿದ್ದರು. ಬೆಂಗಳೂರಿನ ಒಂದು ಆನ್‌ಲೈನ್ ಅಂಗಡಿಗೆ ನಾನು ಕೆಲವು ವರ್ಷ ಇಂಥದ್ದೇ ಬರೆದುಕೊಡುತ್ತಿದ್ದೆ. ದಿನಕ್ಕೆ ನಲವತ್ತು ವಿವರಣೆ. ಕಂಪನಿ ಕಳಿಸಿದ ಸಾಲಿನಲ್ಲಿ ಮೂರಕ್ಕೊಂದು ಪದವಾದರೂ ಬದಲಾಗಿರಬೇಕು ಅನ್ನುವುದು ಮೇಲಿನವರ ನಿಯಮ. ಸಂಜೆ ಆರರ ಹೊತ್ತಿಗೆ ಕೈ ತಾನೇ ಪದ ಬದಲಿಸುತ್ತಿತ್ತು, ತಲೆ ಮನೆಗೆ ಹೋಗಿರುತ್ತಿತ್ತು. ಹಾಗೇ ಒಂದು ದಿನ ‘ರಿಮಾಸ್ಟರ್ಡ್’ ಇದ್ದ ಕಡೆ ‘ರಿಮೇಕ್’ ಅಂತ ಹಾಕಿದೆ.

ಎರಡೂ ಒಂದೇ ಅಲ್ವಾ ಅನ್ನಿಸುತ್ತೆ. ಅಲ್ಲ. ಹಳೇ ಮನೆಗೆ ಸುಣ್ಣ ಬಣ್ಣ ಹೊಡೆದು ವೈರಿಂಗ್ ಬದಲಿಸಿದರೆ ಅದು ರಿಮಾಸ್ಟರ್. ಅದೇ ನಕ್ಷೆ ಇಟ್ಟುಕೊಂಡು ಮನೆಯನ್ನೇ ಹೊಸದಾಗಿ ಕಟ್ಟಿದರೆ ರಿಮೇಕ್. ‘ದಿ ಲಾಸ್ಟ್ ಆಫ್ ಅಸ್’ ಗೇಮ್ 2013ರಲ್ಲಿ ಪಿಎಸ್3ಕ್ಕೆ, ಅಂದರೆ ಪ್ಲೇಸ್ಟೇಷನ್ 3 ಅನ್ನುವ ಗೇಮ್ ಯಂತ್ರಕ್ಕೆ ಬಂತು. 2014ರಲ್ಲಿ ಪಿಎಸ್4ಕ್ಕೆ ರಿಮಾಸ್ಟರ್ಡ್ ಆಗಿ ಬಂತು. 2022ರಲ್ಲಿ ‘ಪಾರ್ಟ್ ಒನ್’ ಅನ್ನುವ ಹೆಸರಿನಲ್ಲಿ ಪಿಎಸ್5ಗೆ ರಿಮೇಕ್ ಬಂತು. ಒಂದೇ ಕತೆ, ಮೂರು ಡಬ್ಬಿ, ಮೂರು ಬೆಲೆ. ನಾನು ಎರಡನೇ ಡಬ್ಬಿಗೆ ಮೂರನೆಯದರ ಪದ ಅಂಟಿಸಿದ್ದೆ. ಆ ವಾರ ಮೂರು ಡಿಸ್ಕ್ ವಾಪಸ್ ಬಂದವು. ಕೊರಿಯರ್ ಹುಡುಗನ ಮುಖ ಇನ್ನೂ ನೆನಪಿದೆ.

ಆಮೇಲೆ ಒಂದು ಚೀಟಿ ಬರೆದು ಕಂಪ್ಯೂಟರ್‌ಗೆ ಅಂಟಿಸಿಕೊಂಡೆ: ‘ಹೆಸರು ಮುಟ್ಟಬೇಡ, ಅಂಕಿ ಮುಟ್ಟಬೇಡ.’ ಕೋ-ಆಪ್, ಬಾಸ್, ಲೆವೆಲ್, ರಿಮಾಸ್ಟರ್ಡ್, ಓಪನ್ ವರ್ಲ್ಡ್, ಇವೆಲ್ಲ ಆಡುವ ಹುಡುಗರ ಬಾಯಲ್ಲಿ ಈಗಾಗಲೇ ಕನ್ನಡವೇ. ‘ಬಾಸ್ ಫೈಟ್ ಸಖತ್ತಾಗಿದೆ’ ಅನ್ನುತ್ತಾರೆ. ಹಾಗೇ ಇರಲಿ.

ಸಮಾನಾರ್ಥಕ ಅನ್ನುವ ಮಾತಿನ ಮೇಲೇ ನನಗೆ ಸ್ವಲ್ಪ ಗುಮಾನಿ. ಯುದ್ಧ, ಸಮರ, ಕಾಳಗ, ಜಗಳ ತಗೊಳ್ಳಿ. ನಿಘಂಟಿನಲ್ಲಿ ಅಕ್ಕಪಕ್ಕ ಇರುತ್ತವೆ. ಆದರೆ ಕಾಳಗ ಅಂದರೆ ಯಕ್ಷಗಾನದ ಚೆಂಡೆ ಕೇಳಿಸುತ್ತೆ. ಸಮರ ಅಂದರೆ ಪೇಪರಿನ ಚುನಾವಣಾ ಸುದ್ದಿ. ಜಗಳ ನಡೆಯುವುದು ನಲ್ಲಿಯ ಹತ್ತಿರ. ನೀವು ‘ಗೇಮ್’ ಬದಲು ‘ಕ್ರೀಡೆ’ ಹಾಕಿದ್ದೀರಲ್ಲ, ನನಗೆ ಕಬಡ್ಡಿ, ಖೊಖೊ ಕಣ್ಣಿಗೆ ಬಂದವು.

ಕಾಪಿ ಅನ್ನಿಸಬಾರದು ಅನ್ನುವ ನಿಮ್ಮ ಭಯಕ್ಕೂ ಈ ಉಪಾಯ ಔಷಧಿಯಲ್ಲ. ಬೇರೆಯವರ ಬರಹ ಎತ್ತಿಕೊಂಡು ಸಮಾನಾರ್ಥಕ ಪದ ತುಂಬಿ ಹಾಕುವುದನ್ನು ಗೂಗಲ್ ತನ್ನ ನಿಯಮಗಳಲ್ಲಿ ಹೆಸರಿಟ್ಟೇ ಸ್ಪ್ಯಾಮ್ ಅಂದಿದೆ. ಪದ ಬದಲಿಸಿದ ಮಾತ್ರಕ್ಕೆ ಸಾಲು ನಿಮ್ಮದಾಗುವುದೂ ಇಲ್ಲ. ಆದರೆ ಇದು 2021ರ ಗೇಮ್, ಇಬ್ಬರು ಆಡಬೇಕು, ಎರಡು ಕಂಟ್ರೋಲರ್ ಬೇಕು ಅನ್ನುವ ಸಂಗತಿಗಳು ಯಾರ ಸ್ವತ್ತೂ ಅಲ್ಲ. ಅವನ್ನು ಇಟ್ಟುಕೊಂಡು ಉಳಿದ ಸಾಲನ್ನು ಮುಚ್ಚಿಡಿ. ಎದುರು ಮನೆಯವರು ‘ಏನದು?’ ಅಂತ ಕೇಳಿದರೆ ಏನು ಹೇಳುತ್ತೀರೋ ಅದನ್ನು ಬರೆಯಿರಿ. ನಾನಾದರೆ ಹೀಗೆ ಬರೆಯುತ್ತಿದ್ದೆ:

‘ಇಟ್ ಟೇಕ್ಸ್ ಟು, ಪಿಎಸ್4 ಡಿಸ್ಕ್, ಸೆಕೆಂಡ್ ಹ್ಯಾಂಡ್. ಇಬ್ಬರು ಸೇರಿ ಆಡುವ ಕೋ-ಆಪ್ ಗೇಮ್. ಒಬ್ಬರೇ ಆಡಲು ಆಗುವುದಿಲ್ಲ. ಒಂದೇ ಟಿವಿಯಲ್ಲಾದರೆ ಎರಡು ಕಂಟ್ರೋಲರ್ ಬೇಕು. ಬೇರೆಯಾಗಲು ಹೊರಟ ಗಂಡ ಹೆಂಡತಿ ಬೊಂಬೆಗಳಾಗಿಬಿಡುತ್ತಾರೆ. ಶುರುವಿನಲ್ಲೇ ಎದುರಾಗುವ ಬಾಸ್ ಅವರ ಮನೆಯದೇ ಹಳೇ ವ್ಯಾಕ್ಯೂಮ್ ಕ್ಲೀನರ್. ಡಿಸ್ಕಿನ ಅಂಚಿಗೆ ಒಂದು ಸಣ್ಣ ಗೀರಿದೆ, ಆಡಿ ನೋಡಿದ್ದೇವೆ, ಎಲ್ಲೂ ನಿಲ್ಲುವುದಿಲ್ಲ. ಡಿಸ್ಕ್ ಹಾಕುವ ಜಾಗವೇ ಇಲ್ಲದ ಪಿಎಸ್5 ಡಿಜಿಟಲ್ ಎಡಿಶನ್‌ಗೆ ಇದು ಬರುವುದಿಲ್ಲ.’

ಗೀರಿನ ಮಾತು ನಾನು ಸುಮ್ನೆ ಹಾಕಿದ್ದು. ನಿಮ್ಮ ಡಿಸ್ಕ್ ಬೆಳಕಿಗೆ ಹಿಡಿದು ನೋಡಿ, ಏನಿದೆಯೋ ಅದನ್ನು ಬರೆಯಿರಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಆ ಸಾಲನ್ನೇ ಎರಡು ಸಲ ಓದುತ್ತಾರೆ. ಅಂದಹಾಗೆ, ಈ ಗೇಮ್‌ನ ಕತೆ ಗಂಡ ಹೆಂಡತಿಯ ಜಗಳದ್ದೇ ಆಗಿರುವುದರಿಂದ ನಿಮ್ಮ ‘ಯಜಮಾನರ ಜೊತೆ ಕಲಹ’ ತಪ್ಪಿನಲ್ಲೂ ಸರಿಯಾಗಿ ಕೂತಿದೆ.

ನಿಮ್ಮ ನಿಘಂಟಿಗೂ ಒಂದು ಕೆಲಸ ಇದೆ. ಒಂದು ಪದ ತೆಗೆದು ಇನ್ನೊಂದು ಹಾಕೋಕಲ್ಲ, ಜನ ಹುಡುಕುವಾಗ ಬರೆಯುವ ಎರಡೂ ಹೆಸರು ಸೇರಿಸೋಕೆ. ಕೆಲವರು ಪಿಎಸ್4 ಅಂತ ಹುಡುಕುತ್ತಾರೆ, ಕೆಲವರು ಪ್ಲೇಸ್ಟೇಷನ್ 4 ಅಂತ. ಫುಟ್‌ಬಾಲ್ ಗೇಮ್‌ನ ಹೆಸರು 2023ರಲ್ಲಿ ‘ಇಎ ಸ್ಪೋರ್ಟ್ಸ್ ಎಫ್‌ಸಿ’ ಆಯಿತು. ಹುಡುಗರು ಇವತ್ತಿಗೂ ‘ಫಿಫಾ ಇದೆಯಾ ಅಂಕಲ್?’ ಅಂತಲೇ ಕೇಳುವುದು. ‘ಮೊದಲು ಫಿಫಾ ಅನ್ನುತ್ತಿದ್ದ ಸರಣಿ’ ಅಂತ ಒಂದು ಮಾತು ಸೇರಿಸಿ.

ಪ್ರಶ್ನೆ: ಗೇಮ್ ಡಬ್ಬಿಯ ಮೇಲೆ ‘ಪೆಗಿ 3’ ಅಂತ ಇದ್ದರೆ ‘ಮೂರು ವರ್ಷದ ಮಗುವಿಗೂ ಸುಲಭ’ ಎಂದು ಬರೆಯಬಹುದೇ ಮೇಡಂ?
— ಆಟಿಕೆ ಅಂಗಡಿಯವರು, ತಿಪಟೂರು

ಉತ್ತರ: ಬೇಡಿ ಸ್ವಾಮಿ. ಪೆಗಿ ಅನ್ನುವುದು ಗೇಮ್ ಯಾವ ವಯಸ್ಸಿನವರಿಗೆ ತಕ್ಕುದು ಅಂತ ಹೇಳಲು 2003ರಿಂದ ಯುರೋಪಿನಲ್ಲಿ ನಡೆದುಬಂದ ಗುರುತು. 3, 7, 12, 16, 18 ಅಂತ ಐದು ಅಂಕಿ. ಹೊಡೆದಾಟ, ಬೈಗುಳ, ಹೆದರಿಸುವ ದೃಶ್ಯ ಎಷ್ಟಿದೆ ಅನ್ನುವುದನ್ನು ಅದು ಹೇಳುತ್ತೆ. ಆಡೋದು ಸುಲಭವೋ ಕಷ್ಟವೋ ಅದಕ್ಕೆ ಸಂಬಂಧವಿಲ್ಲ. ಫಿಫಾ 23ರ ಡಬ್ಬಿಯ ಮೇಲೂ 3 ಅಂತಲೇ ಇದೆ. ನನಗೆ ಐವತ್ತೆರಡು, ಅಣ್ಣನ ಮಗನ ಎದುರು ಇನ್ನೂ ಒಂದು ಗೋಲು ಹೊಡೆದಿಲ್ಲ.