ಬೌಂಟಿಯ ಮೂತಿಯಲ್ಲಿ ಹಲಗೆ ಏಕೆ ಏಳುತ್ತದೆ

ನಮಸ್ಕಾರ ಸರ್. ನಿಮ್ಮ ಪ್ರಶ್ನೆ ಓದಿದೆ, ಚಿತ್ರಗಳನ್ನೂ ದೊಡ್ಡದು ಮಾಡಿ ನೋಡಿದೆ. 1:48 ಅಳತೆಯ ಬೌಂಟಿ ಹಡಗಿನ ಮರದ ಮಾದರಿ ಕಿಟ್, ಪಕ್ಕೆಲುಬುಗಳ (ಒಡಲಿಗೆ ಆಕಾರ ಕೊಡುವ ಅಡ್ಡ ತುಂಡುಗಳ) ಚೌಕಟ್ಟು ಮುಗಿದಿದೆ, ಮೊದಲ ಪದರದ ಹಲಗೆಪಟ್ಟಿ ಅಂಟಿಸುತ್ತಿದ್ದೀರಿ. ನಾಲ್ಕು ಪಟ್ಟಿಗಳಾದ ಮೇಲೆ ಮೂತಿಯ, ಅಂದರೆ ಹಡಗಿನ ಮುಂತುದಿಯ, ಬಳಿ ಒಂದರ ಮೇಲೊಂದು ಏರುತ್ತಿವೆ, ಕ್ಲಿಪ್ ತೆಗೆದ ಕೂಡಲೇ ತುದಿ ಎದ್ದು ನಿಲ್ಲುತ್ತಿದೆ. ಇದಕ್ಕಿಂತ ಗಟ್ಟಿಯಾದ ಅಂಟು ಯಾವುದು ಎಂದು ಕೇಳಿದ್ದೀರಿ. ಅಂಟು ಬದಲಿಸಬೇಡಿ, ಫೆವಿಕಾಲ್ ಸಾಕು. ಬದಲಾಗಬೇಕಾದದ್ದು ಪಟ್ಟಿಯ ಅಗಲ.

ಹಡಗಿನ ನಡುಭಾಗದಲ್ಲಿ ಡೆಕ್‌ನಿಂದ ಕೀಲ್‌ವರೆಗಿನ (ತಳದ ಬೆನ್ನೆಲುಬಿನವರೆಗಿನ) ಸುತ್ತಳತೆ ಹೆಚ್ಚು, ಮೂತಿಯಲ್ಲಿ ಕಡಿಮೆ. ಆದರೆ ಎರಡೂ ಕಡೆ ಅಷ್ಟೇ ಸಂಖ್ಯೆಯ ಪಟ್ಟಿಗಳು ಹಾಯಬೇಕು. ಕಿಟ್‌ನಲ್ಲಿ ಬರುವ ಪಟ್ಟಿ ಉದ್ದಕ್ಕೂ ಒಂದೇ ಅಗಲದ್ದು. ಅದನ್ನು ಹಾಗೆಯೇ ಎಳೆದು ಕೂರಿಸಿದರೆ ಮೂತಿಯಲ್ಲಿ ಜಾಗ ಸಾಲದೆ ಏಳಲೇಬೇಕು. ರವಿಕೆ ಹೊಲಿಯುವವರು ಬಟ್ಟೆಯನ್ನು ಎಳೆದು ಮೈಗೆ ಕೂರಿಸುವುದಿಲ್ಲ, ಹೆಚ್ಚಾದ ಅಗಲವನ್ನು ಮಡಚಿ ಹೊಲಿದು ಡಾರ್ಟ್ ಹಿಡಿಯುತ್ತಾರೆ. ಇಲ್ಲಿಯೂ ಆಗಬೇಕಾದದ್ದು ಅದೇ.

ನೀವು ಆರಿಸಿಕೊಂಡ ಹಡಗಿನ ಸ್ವಭಾವವೂ ಇದಕ್ಕೆ ಸೇರಿಕೊಂಡಿದೆ. ಬೌಂಟಿ ಯುದ್ಧಕ್ಕೆಂದು ಕಟ್ಟಿದ ಹಡಗಲ್ಲ. 1784ರಲ್ಲಿ ಇಂಗ್ಲೆಂಡಿನ ಹಲ್ ಬಂದರಿನಲ್ಲಿ ಬೆಥಿಯಾ ಎಂಬ ಹೆಸರಿನಲ್ಲಿ ಕಲ್ಲಿದ್ದಲು ಸಾಗಿಸಲು ಕಟ್ಟಿದ್ದು. ಬ್ರಿಟಿಷ್ ನೌಕಾಪಡೆ ಅದನ್ನು 1787ರಲ್ಲಿ ಕೊಂಡು, ತಹೀತಿಯಿಂದ ವೆಸ್ಟ್ ಇಂಡೀಸ್‌ಗೆ ದೀವಿಹಲಸಿನ ಸಸಿಗಳನ್ನು ಒಯ್ಯಲು ಸಜ್ಜುಗೊಳಿಸಿತು. ನಮ್ಮ ಕರಾವಳಿಯವರು ಜೀಗುಜ್ಜೆ ಎನ್ನುವುದು ಇದನ್ನೇ. ಸರಕಿನ ಹಡಗಾದ್ದರಿಂದ ಒಡಲು ತುಂಬಾ ಜಾಗವಿರಲೆಂದು ಮೂತಿಯನ್ನೂ ದುಂಡಗೆ, ಉಬ್ಬಾಗಿ ಕಟ್ಟಿದ್ದರು. 1921ರಲ್ಲಿ ಕೆನಡಾದ ಲೂನೆನ್‌ಬರ್ಗ್‌ನಲ್ಲಿ ನೀರಿಗಿಳಿದ ಬ್ಲೂನೋಸ್‌ನಂತಹ ಚೂಪು ಮೂತಿಯ ಸ್ಕೂನರ್ ಹಾಯಿಹಡಗಿಗೆ ಹಲಗೆ ಹೊದಿಸುವುದು ಇದಕ್ಕಿಂತ ಬಹಳ ಸುಲಭ. ಮೊದಲ ಕಿಟ್‌ಗೆ ನಾನು ಬೌಂಟಿಯನ್ನು ಸೂಚಿಸುತ್ತಿರಲಿಲ್ಲ, ಆದರೆ ಕೈಹಾಕಿದ್ದೀರಿ, ಬಿಡಬೇಡಿ.

ಮೊದಲು ಎದ್ದಿರುವ ಪಟ್ಟಿಗಳನ್ನು ತೆಗೆಯಿರಿ. ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿ ಅಂಟಿನ ಮೇಲೆ ಸ್ವಲ್ಪ ಹೊತ್ತು ಇಟ್ಟರೆ ಫೆವಿಕಾಲ್ ಮೆತ್ತಗಾಗುತ್ತದೆ, ತೆಳು ಬ್ಲೇಡು ತೂರಿಸಿ ಮೆಲ್ಲಗೆ ಬಿಡಿಸಬಹುದು. ಫೆವಿಕ್ವಿಕ್ ಹಾಕಿದ ಕಡೆ ಅಸಿಟೋನ್ ಬೇಕಾಗುತ್ತದೆ. ಎರಡಕ್ಕೂ ಬೇಗ ಬೆಂಕಿ ಹತ್ತುತ್ತದೆ, ಆದ್ದರಿಂದ ಕಿಟಕಿ ತೆರೆದಿಟ್ಟು, ಒಲೆ ದೀಪಗಳಿಂದ ದೂರ ಕುಳಿತು ಕೆಲಸ ಮಾಡಿ.

ಪಟ್ಟಿ ತೆಗೆದ ಮೇಲೆ ಪಕ್ಕೆಲುಬುಗಳ ಅಂಚು ನೋಡಿ. ನಿಮ್ಮ ಮೂರನೇ ಚಿತ್ರದಲ್ಲಿ ಮುಂದಿನ ಎರಡು ಪಕ್ಕೆಲುಬುಗಳ ಅಂಚು ಕಿಟ್‌ನಿಂದ ಬಂದಂತೆಯೇ ಚೌಕವಾಗಿದೆ, ಅಂಚಿನ ಮೇಲೆ ಲೇಸರ್ ಸುಟ್ಟ ಕಪ್ಪು ಇನ್ನೂ ಉಳಿದಿದೆ. ಹಾಗಿದ್ದರೆ ಪಟ್ಟಿ ಒಂದು ಚೂಪು ಮೂಲೆಯ ಮೇಲಷ್ಟೇ ಕೂರುತ್ತದೆ, ಅಂಟಿಗೆ ಹಿಡಿಯಲು ಜಾಗವೇ ಇರುವುದಿಲ್ಲ. ಚಪ್ಪಟೆ ಕಟ್ಟಿಗೆ ತುಂಡಿಗೆ 120ರ ಉಪ್ಪುಕಾಗದ ಸುತ್ತಿ, ಮೂತಿಯ ಕಡೆಗೆ ಓರೆಯಾಗುವಂತೆ ಉಜ್ಜಿ. ಆಗಾಗ ಒಂದು ಪಟ್ಟಿಯನ್ನು ಮೂರ್ನಾಲ್ಕು ಪಕ್ಕೆಲುಬುಗಳ ಮೇಲೆ ಬಾಗಿಸಿ ಹಿಡಿದು, ಪ್ರತಿಯೊಂದರ ಪೂರ್ತಿ ದಪ್ಪಕ್ಕೂ ತಾಗುತ್ತಿದೆಯೇ ಎಂದು ನೋಡುತ್ತಿರಿ. ಮೊದಲ ಎರಡು ಪಕ್ಕೆಲುಬುಗಳ ನಡುವಿನ ಖಾಲಿ ಜಾಗಕ್ಕೆ ಬಾಲ್ಸಾ ಮರದ ತುಂಡು ತುಂಬಿಸಿ ಅದನ್ನೂ ದುಂಡಗೆ ಉಜ್ಜಿದರೆ ಬೌಂಟಿಯ ಮೂತಿಗೆ ಅರ್ಧ ಕಷ್ಟ ತಗ್ಗಿತು. ಈ ಹಂತಕ್ಕೆ ಒಂದು ಭಾನುವಾರ ಪೂರ್ತಿ ಹೋದರೂ ಹೋಗಲಿ.

ಈಗ ಅಳತೆ. ಕಾಗದದ ಕಿರುಪಟ್ಟಿಯನ್ನು ನಡುವಿನ ಪಕ್ಕೆಲುಬಿನ ಅಂಚಿಗೆ ಸುತ್ತಿ ಡೆಕ್‌ನಿಂದ ಕೀಲ್‌ವರೆಗೆ ಗುರುತು ಹಾಕಿಕೊಳ್ಳಿ. ಅದು 100 ಮಿ.ಮೀ. ಬಂತು, ಹಲಗೆಪಟ್ಟಿ 5 ಮಿ.ಮೀ. ಅಗಲ ಎಂದಿಟ್ಟುಕೊಂಡರೆ 20 ಪಟ್ಟಿಗಳು ಬೇಕು. ಮೊದಲ ಪಕ್ಕೆಲುಬಿನಲ್ಲಿ ಅದೇ ಅಳತೆ 70 ಮಿ.ಮೀ. ಬಂದರೆ ಅಲ್ಲಿ ಪ್ರತಿ ಪಟ್ಟಿಯೂ 3.5 ಮಿ.ಮೀ. ಇರಬೇಕು. ಇವೆರಡರ ನಡುವೆ ಬರುವ ಪಕ್ಕೆಲುಬುಗಳಿಗೂ ಹೀಗೆಯೇ ಲೆಕ್ಕ ಹಾಕಿ, ಪಟ್ಟಿಯ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿ, ಉಕ್ಕಿನ ಸ್ಕೇಲ್ ಇಟ್ಟು ಒಂದೇ ಅಂಚನ್ನು ಕೊಯ್ಯಿರಿ. ಎಡಕ್ಕೆ ಒಂದು, ಬಲಕ್ಕೆ ಒಂದು ಎಂದು ಜೋಡಿಯಾಗಿ ಕೊಯ್ದುಕೊಳ್ಳಿ. ಯಾವ ತುದಿಯನ್ನೂ ಮೂಲ ಅಗಲದ ಅರ್ಧಕ್ಕಿಂತ ಸಣ್ಣ ಮಾಡಬೇಡಿ, ಅಷ್ಟು ಸಪೂರವಾದ ತುದಿ ನಿಲ್ಲುವುದಿಲ್ಲ. ಅರ್ಧಕ್ಕಿಂತ ಕಡಿಮೆ ಬೇಕಾದ ಕಡೆ ಎರಡು ಪಟ್ಟಿಗಳನ್ನು ಸ್ವಲ್ಪ ಹಿಂದೆಯೇ ನಿಲ್ಲಿಸಿ, ಅಲ್ಲಿಂದ ಮುಂದಕ್ಕೆ ಒಂದೇ ಪಟ್ಟಿ ಹಾಯಿಸಬೇಕು. ಹಿಂಭಾಗದಲ್ಲಿ ಇದರ ತದ್ವಿರುದ್ಧ. ಅಲ್ಲಿ ಸಂದು ಬಿಡುತ್ತದೆ, ಬೆಣೆಯಾಕಾರದ ತುಂಡು ಸೇರಿಸಿ ಮುಚ್ಚಬೇಕು.

ಬಾಗಿಸುವಾಗ ಒಂದು ವಿಷಯ ಚೆನ್ನಾಗಿ ನೆನಪಿಡಿ. ಪಟ್ಟಿ ಚಪ್ಪಟೆ ಮುಖದ ಕಡೆಗೆ ಬಾಗಲು ಒಪ್ಪುತ್ತದೆ, ಅಂಚಿನ ಕಡೆಗೆ ಒಪ್ಪುವುದಿಲ್ಲ, ಒತ್ತಾಯಿಸಿದರೆ ತಿರುಚಿಕೊಂಡು ಏಳುತ್ತದೆ. ಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ನೆನೆಸಿ, ಇಸ್ತ್ರಿಪೆಟ್ಟಿಗೆಯ ಬಿಸಿಯಲ್ಲಿ ನಿಧಾನವಾಗಿ ಬಾಗಿಸಿ, ಮೂತಿಗೆ ಕ್ಲಿಪ್ಪಿನಿಂದ ಹಿಡಿಸಿ ಒಣಗಲು ಬಿಡಿ. ಪೂರ್ತಿ ಒಣಗಿದ ಮೇಲೆಯೇ ಅಂಟು. ಒದ್ದೆ ಮರ ಅಗಲದಲ್ಲಿ ಉಬ್ಬಿರುತ್ತದೆ, ಹಾಗೆಯೇ ಅಂಟಿಸಿದರೆ ಒಣಗಿದಂತೆ ಕುಗ್ಗಿ ಪಟ್ಟಿಗಳ ನಡುವೆ ಗೆರೆಗೆರೆಯಾಗಿ ಸಂದು ತೆರೆದುಕೊಳ್ಳುತ್ತದೆ. ನೀವು ಮಂಗಳೂರಿನಲ್ಲಿದ್ದೀರಿ, ಈಗ ಮಳೆಗಾಲ. ರಾತ್ರಿ ಕಳೆದರೂ ಪಟ್ಟಿ ಒಣಗಿರುವುದಿಲ್ಲ, ಇನ್ನೊಂದು ದಿನ ಬಿಡಿ. ಉಳಿದ ಪಟ್ಟಿಗಳನ್ನು ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುವುದು ಒಳ್ಳೆಯದು.

ಎಡಕ್ಕೆ ಒಂದು ಪಟ್ಟಿ ಅಂಟಿಸಿದರೆ ಮುಂದಿನದು ಬಲಕ್ಕೇ. ಒಂದೇ ಬದಿಯಲ್ಲಿ ನಾಲ್ಕೈದು ಏರಿಸಿದರೆ ಪ್ಲೈವುಡ್ಡಿನ ಕೀಲ್ ಆ ಕಡೆಗೆ ಬಾಗುತ್ತದೆ, ಆಮೇಲೆ ಅದನ್ನು ನೆಟ್ಟಗೆ ಮಾಡಲು ದಾರಿಯಿಲ್ಲ.

ಚಿಕ್ಕ ಪುಟ್ಟ ಸಂದುಗಳಿಗೆ ಈಗ ಹೆದರಬೇಕಿಲ್ಲ. ನಿಮ್ಮದು ಎರಡು ಪದರದ ಕಿಟ್, ಕಣ್ಣಿಗೆ ಕಾಣುವುದು ಮೇಲಿನ ತೆಳು ವಾಲ್‌ನಟ್ ಪದರ. ಮೊದಲನೆಯದಕ್ಕೆ ಮರದ ಪುಡಿ ಮತ್ತು ಫೆವಿಕಾಲ್ ಕಲಸಿದ ಲಪ್ಪ ತುಂಬಿ, 240ರ ಕಾಗದದಿಂದ ಉಜ್ಜಿ, ಕಣ್ಣು ಮುಚ್ಚಿ ಬೆರಳಾಡಿಸಿದಾಗ ಏರುತಗ್ಗು ಗೊತ್ತಾಗದಂತಿದ್ದರೆ ಆಯಿತು. ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ, ಈ ಧೂಳು ಬಹಳ ನುಣುಪು.

ಪಕ್ಕೆಲುಬುಗಳನ್ನು ಓರೆ ಉಜ್ಜಿದ ಮೇಲೆ, ಹೊಸ ಪಟ್ಟಿ ಅಂಟಿಸುವ ಮುಂಚೆ, ಮುಂದಿನಿಂದ ಒಂದು ಮತ್ತು ಕೆಳಗಿನಿಂದ ಒಂದು ಚಿತ್ರ ಇಲ್ಲಿ ಹಾಕಿ. ಎಲ್ಲಿ ಇನ್ನೂ ಉಜ್ಜಬೇಕು ಎಂದು ಗುರುತು ಮಾಡಿ ಕಳುಹಿಸುತ್ತೇನೆ.